4ರ ಪಕ್ಕ ಸೊನ್ನೆ: ವಾಯ್ನಿಚ್ ಹಸ್ತಪ್ರತಿಯ ಅಕ್ಷರಗಳ ಜಾಡು

ಅಂಕಿ 4ರ ಹಾಗೆ ಕಾಣುವ ಒಂದು ಅಕ್ಷರ. ಅದು ಬಂದ ಕಡೆ ಹೆಚ್ಚುಕಡಿಮೆ ಎಲ್ಲಾ ಸಲವೂ ಬಲಕ್ಕೆ ಸೊನ್ನೆಯ ಹಾಗೆ ಕಾಣುವ ಇನ್ನೊಂದು ಅಕ್ಷರ. ಒಂದಲ್ಲ ಎರಡಲ್ಲ, ಸಾವಿರಾರು ಸಲ ಹೀಗೇ. ಈ 4 ಪದದ ಮೊದಲಲ್ಲೇ ಕೂರುತ್ತದೆ. ನಡುವೆ ಕಾಣುವುದು ತೀರಾ ಅಪರೂಪ. ಇನ್ನು 9ರ ಹಾಗಿರುವ ಅಕ್ಷರ ಒಂದಿದೆ. ಅದಕ್ಕೆ ಪದದ ಕೊನೆ ಅಂದರೆ ಇಷ್ಟ, ಆಗೀಗ ಮೊದಲಲ್ಲೂ ಬರುತ್ತದೆ, ನಡುವೆ ಮಾತ್ರ ಅಷ್ಟಾಗಿ ನಿಲ್ಲುವುದಿಲ್ಲ.

ಯಾವ ಭಾಷೆ ಎಂದು ಯಾರಿಗೂ ತಿಳಿಯದ ಬರಹದಲ್ಲೂ ಇಷ್ಟನ್ನು ಕಣ್ಣಾರೆ ನೋಡಬಹುದು. ಬೇಕಾದ್ದು ತಾಳ್ಮೆ, ಒಂದು ಪೆನ್ಸಿಲ್. ವಾಯ್ನಿಚ್ ಹಸ್ತಪ್ರತಿ ಎಂಬ ಈ ಹಳೆಯ ಪುಸ್ತಕವನ್ನು ಓದಿಬಿಟ್ಟೆವು ಎಂದವರ ಪಟ್ಟಿ ಬಹಳ ಉದ್ದ. ಆ ಪಟ್ಟಿಗೆ ನಾನು ಕೈ ಹಾಕುವುದಿಲ್ಲ. ಅಕ್ಷರಗಳು ಎಲ್ಲಿ ಕೂರುತ್ತವೆ, ಯಾರ ಪಕ್ಕ ಕೂರುತ್ತವೆ, ಯಾರ ಪಕ್ಕ ಕೂರಲು ಒಪ್ಪುವುದಿಲ್ಲ, ಇಷ್ಟನ್ನೇ ಹಿಡಿದುಕೊಂಡು ಎಲ್ಲಿಯವರೆಗೆ ಹೋಗಬಹುದು ಎಂದು ನೋಡೋಣ. ಸಾಕಷ್ಟು ದೂರವೇ ಹೋಗಬಹುದು.

ಪುಸ್ತಕದ ಬಗ್ಗೆ ಎರಡು ಮಾತು

ಈ ಪುಸ್ತಕ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿದೆ. ಅಲ್ಲಿ ಅದರ ನಂಬರು ಎಂಎಸ್ 408. ಎತ್ತರ ಸುಮಾರು 23 ಸೆಂ.ಮೀ., ಅಗಲ 16 ಸೆಂ.ಮೀ. ನಮ್ಮ ಶಾಲೆಯ ನೋಟ್‌ಬುಕ್ಕಿಗಿಂತ ಜಾಸ್ತಿ ದೊಡ್ಡದೇನಲ್ಲ. ಕರುವಿನ ಚರ್ಮದ 240ರಷ್ಟು ಪುಟಗಳು ಉಳಿದಿವೆ, ಕೆಲವು ಹಾಳೆಗಳು ಕಳೆದುಹೋಗಿವೆ. ಗುರುತು ಹತ್ತದ ಗಿಡಗಳು, ರಾಶಿಚಕ್ರಗಳು, ಹಸಿರು ನೀರಿನ ತೊಟ್ಟಿಗಳಲ್ಲಿ ನಿಂತ ಬೆತ್ತಲೆ ಹೆಂಗಸರು, ಬೇರು ಎಲೆಗಳ ಪಕ್ಕ ಔಷಧಿ ಜಾಡಿಗಳು, ಹೀಗೆ ಚಿತ್ರಗಳ ಮೇಲೆ ಚಿತ್ರ. 2009ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ಚರ್ಮದ ತುಣುಕುಗಳನ್ನು ಕಾರ್ಬನ್ ಪರೀಕ್ಷೆಗೆ ಹಾಕಿದರು. ಸಿಕ್ಕಿದ ಕಾಲ 1404ರಿಂದ 1438. ಇಲ್ಲಿ ವಿಜಯನಗರದಲ್ಲಿ ದೇವರಾಯರು ಆಳುತ್ತಿದ್ದ ಹೊತ್ತು ಅದು.

ಪೋಲೆಂಡ್ ಮೂಲದ ಪುಸ್ತಕ ವ್ಯಾಪಾರಿ ವಿಲ್ಫ್ರಿಡ್ ವಾಯ್ನಿಚ್ 1912ರಲ್ಲಿ ಇದನ್ನು ರೋಮ್ ಹತ್ತಿರದ ಜೆಸ್ಯೂಟ್ ಪಾದ್ರಿಗಳಿಂದ ಕೊಂಡರು. ಹೆಸರು ಅಂಟಿಕೊಂಡಿದ್ದು ಹಾಗೆ. ಪುಸ್ತಕದ ಜೊತೆ ಪ್ರಾಗ್ ನಗರದ ವೈದ್ಯ ಯೊಹಾನೆಸ್ ಮಾರ್ಕುಸ್ ಮಾರ್ಚಿ ಬರೆದ ಒಂದು ಹಳೆಯ ಪತ್ರವೂ ಇತ್ತು. ರೋಮಿನಲ್ಲಿದ್ದ ಬಹುಭಾಷಾ ಪಂಡಿತ ಅಥನೇಸಿಯಸ್ ಕಿರ್ಷರ್‌ಗೆ ಬರೆದದ್ದು, 1660ರ ದಶಕದ್ದು. ಚಕ್ರವರ್ತಿ ಎರಡನೇ ರುಡಾಲ್ಫ್ ಇದಕ್ಕೆ 600 ಚಿನ್ನದ ನಾಣ್ಯ ಕೊಟ್ಟಿದ್ದನಂತೆ ಎಂಬ ಮಾತು ಬರುವುದು ಆ ಪತ್ರದಲ್ಲೇ. ಮಾರ್ಚಿಗಿಂತ ಮುಂಚೆ ಪುಸ್ತಕ ಇದ್ದದ್ದು ಗೆಯಾರ್ಗ್ ಬಾರೆಶ್ ಎಂಬವನ ಹತ್ತಿರ. ಅವನು 1639ರಲ್ಲೇ ಕಿರ್ಷರ್‌ಗೆ ಬರೆದು, ಇದು ಸುಮ್ನೆ ನನ್ನ ಕಪಾಟಿನಲ್ಲಿ ಜಾಗ ತಿನ್ನುತ್ತಿದೆ ಎಂದು ಗೋಳು ಹೇಳಿಕೊಂಡಿದ್ದ.

ಕನ್ನಡದವರಿಗೆ ಈ ಕಥೆ ಹೇಳಿದರೆ ತಕ್ಷಣ ನೆನಪಾಗುವುದು ಸಿರಿಭೂವಲಯ. ಅಲ್ಲಿ 27 ಅಡ್ಡ, 27 ಉದ್ದದ ಚೌಕಗಳು. ಒಳಗೆ 1ರಿಂದ 64ರವರೆಗಿನ ಅಂಕಿಗಳು. ಆದರೆ ಅಲ್ಲಿ ಯಾವ ಅಂಕಿಗೆ ಯಾವ ಅಕ್ಷರ ಎಂಬ ಕೀಲಿ ಇದೆ, ತೆರೆದರೆ ಕನ್ನಡ ಸಿಗುತ್ತದೆ. ವಾಯ್ನಿಚ್‌ನಲ್ಲಿ ಕೀಲಿ ಇಲ್ಲ. ಅಷ್ಟೇ ಅಲ್ಲ, ಬೀಗ ಇದೆಯೋ ಇಲ್ಲವೋ ಎಂಬುದೇ ತೀರ್ಮಾನವಾಗಿಲ್ಲ.

ಮೊದಲ ತೊಡಕು: ಯಾವುದು ಒಂದು ಅಕ್ಷರ?

ಎಣಿಸಬೇಕು ಅಂದರೆ ಮೊದಲು ಒಂದು ಅಕ್ಷರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರಬೇಕು. ಕೇಳಲು ಸುಲಭ. ಆದರೆ ಕನ್ನಡವನ್ನೇ ತಗೊಳ್ಳಿ. "ಕ್ರ" ಒಂದು ಅಕ್ಷರವೋ ಎರಡೋ? ನಮ್ಮ ಅಜ್ಜಿಯನ್ನು ಕೇಳಿದರೆ ಒಂದು. ಕಂಪ್ಯೂಟರಿಗೆ ಅದು ಮೂರು ತುಂಡು: ಕ, ಅದನ್ನು ಅರ್ಧ ಮಾಡುವ ಒಂದು ಹಲಂತ ಚಿಹ್ನೆ, ರ. ಅರ್ಕಾವೊತ್ತಿನ ಕಥೆ ಇನ್ನೂ ಮಜಾ. "ಸೂರ್ಯ" ಎಂದು ಬರೆಯುವಾಗ ಮೊದಲು ಕೇಳುವ ರ್ ಕಾಗದದ ಮೇಲೆ ಆಮೇಲೆ ಕೂರುತ್ತದೆ. ಕನ್ನಡ ಬಾರದವನೊಬ್ಬ ನಮ್ಮ ಪುಸ್ತಕ ಹಿಡಿದು ಎಣಿಸಲು ಕೂತರೆ ತಲೆಕಟ್ಟನ್ನೂ ಬೇರೆ ಅಕ್ಷರ ಎಂದುಕೊಳ್ಳಬಹುದು. ಅವನ ತಪ್ಪೇನಿಲ್ಲ.

ವಾಯ್ನಿಚ್‌ನಲ್ಲೂ ಹಾಗೇ ಆಗಿದೆ. ಪದಗಳ ಕೊನೆಯಲ್ಲಿ ಒಂದು, ಎರಡು, ಮೂರು ಸಣ್ಣ ಗೀಟುಗಳು, ಆಮೇಲೆ ಮೇಲಕ್ಕೆ ಎತ್ತಿದ ಬಾಲ. ಇದು ಮೂರು ನಾಲ್ಕು ಅಕ್ಷರಗಳೋ, ಬಾಲವಿರುವ ಒಂದೇ ಅಕ್ಷರವೋ? ಅಮೆರಿಕದ ನೌಕಾಪಡೆಯಲ್ಲಿ ಗುಪ್ತಲಿಪಿ ಬಿಡಿಸುತ್ತಿದ್ದ ಪ್ರೆಸ್ಕಾಟ್ ಕರಿಯರ್ ಅದನ್ನು ಒಂದೇ ಎಂದು ಎಣಿಸಿದರು. 1990ರ ದಶಕದಲ್ಲಿ ಗೇಬ್ರಿಯಲ್ ಲಾಂದಿನಿ ಮತ್ತು ರೆನೆ ಜಾಂಡ್‌ಬರ್ಗನ್ ಮಾಡಿದ "ಇವಾ" ಎಂಬ ಪಟ್ಟಿ (ವಾಯ್ನಿಚ್‌ನ ಒಂದೊಂದು ಗುರುತಿಗೂ ಒಂದು ಇಂಗ್ಲಿಷ್ ಅಕ್ಷರ ಕೊಡುವ ಪಟ್ಟಿ) ಅದನ್ನು ಗೀಟುಗೀಟಾಗಿ ಒಡೆಯುತ್ತದೆ. ಆಮೇಲೆ ಯಾರಿಗೆ ಬೇಕೋ ಅವರು ಜೋಡಿಸಿಕೊಳ್ಳಲಿ ಎಂಬ ಲೆಕ್ಕ. ಇವಾದ ಇನ್ನೊಂದು ಅನುಕೂಲ ಎಂದರೆ ಪದಗಳನ್ನು ಬಾಯಲ್ಲಿ ಹೇಳಬಹುದು: ದಾಯಿನ್, ಚೋಲ್, ಚೆಡಿ, ಕೊಕೀಡಿ. ಇವು ಅಡ್ಡಹೆಸರುಗಳಷ್ಟೇ. ಆ ಪದದ ನಿಜವಾದ ಉಚ್ಚಾರ ದಾಯಿನ್ ಎಂದು ಯಾರೂ ಹೇಳುತ್ತಿಲ್ಲ. ಇದನ್ನು ಮರೆತು "ಅರೆ, ಇದು ನಮ್ಮ ಭಾಷೆಯ ಪದದ ಹಾಗೇ ಕೇಳಿಸುತ್ತದೆ" ಎಂದು ಕುಣಿದವರು ಎಷ್ಟೋ ಜನ.

ಎಲ್ಲಾ ಸೇರಿ ಸುಮಾರು 38,000 ಪದಗಳು, 1,70,000ದಷ್ಟು ಅಕ್ಷರಗಳು. ಪದೇ ಪದೇ ಬರುವ ಅಕ್ಷರಗಳು 20-25. ಅತಿ ಹೆಚ್ಚು ಬರುವ ಪದ ದಾಯಿನ್, 800ಕ್ಕೂ ಹೆಚ್ಚು ಸಲ. ಈ ಸಂಖ್ಯೆಗಳು ನೋಡಲು ಸಹಜವಾಗಿಯೇ ಇವೆ. ಕೆಲವು ಪದಗಳು ತುಂಬಾ ಸಲ, ಬಹಳಷ್ಟು ಪದಗಳು ಒಂದೇ ಸಲ, ಎಲ್ಲಾ ಭಾಷೆಗಳಲ್ಲಿ ಇರುವ ಹಾಗೆ. ಇಲ್ಲಿಗೇ ನಿಲ್ಲಿಸಿದ್ದರೆ "ಇದೊಂದು ಭಾಷೆ, ಲಿಪಿ ಮಾತ್ರ ಹೊಸದು" ಎಂದು ನಾವೆಲ್ಲ ಮನೆಗೆ ಹೋಗಬಹುದಿತ್ತು.

ವೇಷ ಬದಲಾದರೂ ನಡಿಗೆ ಬದಲಾಗದು

ಕನ್ನಡದ ಒಂದು ಪುಟ ತಗೊಂಡು ಪ್ರತಿ ಅಕ್ಷರಕ್ಕೂ ಒಂದೊಂದು ಹೊಸ ಚಿತ್ರ ಕೊಡಿ. ಕ ಬದಲು ಮೀನು, ಮ ಬದಲು ಕೊಡೆ, ಹೀಗೆ. ಓದಲು ಬರುವುದಿಲ್ಲ. ಆದರೆ ಳ ಮತ್ತು ಣ ಬದಲಿಗೆ ಬಂದ ಚಿತ್ರಗಳನ್ನು ಗಮನಿಸಿ. ಅವು ಪದದ ಮೊದಲಲ್ಲಿ ಬರುವುದೇ ಇಲ್ಲ, ಏಕೆಂದರೆ ಕನ್ನಡದಲ್ಲಿ ಳಕಾರದಿಂದ ಶುರುವಾಗುವ ಪದ ಇಲ್ಲ. ಅನುಸ್ವಾರದ ಸೊನ್ನೆಯ ಬದಲಿಗೆ ಬಂದ ಚಿತ್ರವೂ ಅಷ್ಟೇ, ಒಂಟಿಯಾಗಿ ಪದ ಶುರು ಮಾಡುವುದಿಲ್ಲ. ಅಕ್ಷರ ವೇಷ ಹಾಕಿದರೂ ಅದರ ನಡಿಗೆ ಹಳೆಯದೇ. ಅಕ್ಷರಕ್ಕೆ ಅಕ್ಷರ ಬದಲಾಯಿಸುವ ಗುಪ್ತಲಿಪಿಯನ್ನು ಬಿಡಿಸುವವರು ಹಿಡಿಯುವುದು ಈ ನಡಿಗೆಯನ್ನೇ.

ಹಾಗಾದರೆ ವಾಯ್ನಿಚ್‌ನ 4 ಮತ್ತು 9ಕ್ಕೂ ಇಂಥ ನಡಿಗೆ ಇದೆಯಲ್ಲ, ಅದನ್ನು ಹಿಡಿದು ಭಾಷೆ ಹುಡುಕಬಹುದಲ್ವಾ? ನೂರು ವರ್ಷದಿಂದ ಜನ ಮಾಡಿದ್ದು ಅದನ್ನೇ. ತೊಂದರೆ ಏನೆಂದರೆ ಇಲ್ಲಿ ಒಂದೆರಡಲ್ಲ, ಹೆಚ್ಚುಕಡಿಮೆ ಎಲ್ಲಾ ಅಕ್ಷರಗಳಿಗೂ ಇಂಥ ಕಟ್ಟುಪಾಡು ಇದೆ. ಬ್ರೆಜಿಲ್‌ನ ಕಂಪ್ಯೂಟರ್ ವಿಜ್ಞಾನಿ ಜಾರ್ಜ್ ಸ್ಟಾಲ್ಫಿ ಪದಗಳನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸಿ ತೋರಿಸಿದರು. ನಡುವೆ ಒಂದು ತಿರುಳು, ಅಲ್ಲಿಗೆ ಗಲ್ಲುಗಂಬದ ಹಾಗೆ ಎತ್ತರಕ್ಕೆ ನಿಂತ ಅಕ್ಷರಗಳು. ಅದರ ಸುತ್ತ ಒಂದು ಪದರ, ಹೊರಗೆ ಸಿಪ್ಪೆ. ಯಾವ ಅಕ್ಷರ ಯಾವ ಪದರದ್ದು ಎಂಬುದು ಮೊದಲೇ ನಿಗದಿ. ಪದಗಳ ಉದ್ದವೂ ಒಂದು ಹದಕ್ಕೆ ಕಟ್ಟುಬಿದ್ದಿದೆ. ಬಹುಪಾಲು ಐದಾರು ಅಕ್ಷರದ ಆಸುಪಾಸು. ತೀರಾ ಉದ್ದದ್ದೂ ಕಮ್ಮಿ, ತೀರಾ ಗಿಡ್ಡದ್ದೂ ಕಮ್ಮಿ.

ಇದನ್ನು ಅಳೆಯಲು ಎಂಟ್ರೊಪಿ ಎಂಬ ಲೆಕ್ಕ ಇದೆ. ಹೆಸರಿಗೆ ಹೆದರಬೇಡಿ. ಒಂದು ಅಕ್ಷರ ತೋರಿಸಿ, ಮುಂದಿನದು ಏನು ಹೇಳು ಎಂದರೆ ನೀವು ಎಷ್ಟು ತಡವರಿಸುತ್ತೀರಿ ಎಂಬುದರ ಅಳತೆ ಅದು. ಯೂರೋಪಿನ ಭಾಷೆಗಳಲ್ಲಿ ಇದು 3 ಬಿಟ್‌ಗಿಂತ ಮೇಲೆ. ಅಂದರೆ ಪ್ರತಿ ಹೆಜ್ಜೆಗೂ ಎಂಟು ಹತ್ತು ಸಮಾನ ಆಯ್ಕೆಗಳು ಇದ್ದ ಹಾಗೆ. ವಾಯ್ನಿಚ್‌ನಲ್ಲಿ ಸುಮಾರು 2 ಬಿಟ್, ಅಂದರೆ ನಾಲ್ಕೇ ಆಯ್ಕೆ. ಯೇಲ್‌ನ ಭೌತವಿಜ್ಞಾನಿ ವಿಲಿಯಂ ಬೆನೆಟ್ 1970ರ ದಶಕದಲ್ಲೇ ಇದನ್ನು ಲೆಕ್ಕ ಹಾಕಿ, ಇಷ್ಟು ಕಡಿಮೆ ಬರುವುದು ಹವಾಯಿ ದ್ವೀಪದ ಭಾಷೆಯಂಥವುಗಳಲ್ಲಿ ಎಂದಿದ್ದರು. ಹವಾಯಿ ಭಾಷೆಗೆ ಇರುವುದೇ 13 ಅಕ್ಷರ, ಹಾಗಾಗಿ ಅಲ್ಲಿ ಅದು ಸರಿ. 15ನೇ ಶತಮಾನದ ಯೂರೋಪಿನಲ್ಲಿ ಕೂತು ಹವಾಯಿ ಭಾಷೆ ಬರೆಯುವುದು ಹೇಗೆ?

ಇಲ್ಲಿ ಮೇಲಿನ ತೊಡಕು ಮತ್ತೆ ಎದುರಾಗುತ್ತದೆ. ಗೀಟುಗೀಟಾಗಿ ಒಡೆದು ಎಣಿಸಿದ್ದಕ್ಕೇ ಎಂಟ್ರೊಪಿ ಕಮ್ಮಿ ಬಂತೇ? ನ್ಯಾಯವಾದ ಅನುಮಾನ. ಕನ್ನಡದ ಹಲಂತ ಚಿಹ್ನೆಯನ್ನು ಬೇರೆ ಎಂದು ಎಣಿಸಿದರೆ ಅದರ ಮುಂದೆ ಏನು ಬರುತ್ತದೆ ಎಂಬುದೂ ಬಹಳ ಮಟ್ಟಿಗೆ ಗೊತ್ತೇ ಇರುತ್ತದೆ, ಲೆಕ್ಕ ಕೆಳಗಿಳಿಯುತ್ತದೆ. ಯೇಲ್‌ನ ಭಾಷಾವಿಜ್ಞಾನಿ ಕ್ಲೇರ್ ಬೊವರ್ನ್ ಮತ್ತು ಲೂಕ್ ಲಿಂಡೆಮನ್ ಇದನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಎಣಿಸಿ ನೋಡಿದರು. ಅಕ್ಷರಗಳನ್ನು ಜೋಡಿಸಿ ಒಂದು ಮಾಡಿದರೆ ಸಂಖ್ಯೆ ಸ್ವಲ್ಪ ಏರುತ್ತದೆ, ನಿಜ. ಆದರೂ ಭಾಷೆಗಳ ಸಾಲಿಗೆ ಬಂದು ಸೇರುವುದಿಲ್ಲ. ಅವರು ಹೋಲಿಸಿ ನೋಡಿದ್ದು ಒಂದೆರಡಲ್ಲ, ನೂರಾರು ಭಾಷೆಗಳ ಬರಹಗಳನ್ನು.

ಇಷ್ಟಾದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಹುದು. ಇದು ಲ್ಯಾಟಿನ್, ಇಟಾಲಿಯನ್, ಜರ್ಮನ್ ಯಾವುದನ್ನೂ ಅಕ್ಷರಕ್ಕೆ ಅಕ್ಷರ ಬದಲಾಯಿಸಿ ಬರೆದದ್ದಲ್ಲ. ವೇಷ ಬದಲಾದರೂ ಎಂಟ್ರೊಪಿ ಬದಲಾಗುವುದಿಲ್ಲವಲ್ಲ. ಪ್ರತಿ ಹೆಜ್ಜೆಗೂ ಕೀಲಿ ಬದಲಾಯಿಸುವ ಗಟ್ಟಿ ಗುಪ್ತಲಿಪಿಯೂ ಅಲ್ಲ. ಅಂಥದ್ದರಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಎಂಟ್ರೊಪಿ ಏರಬೇಕಿತ್ತು. ಕೆಲವು ವರ್ಷಕ್ಕೊಮ್ಮೆ ಪೇಪರಿನಲ್ಲಿ "ವಾಯ್ನಿಚ್ ರಹಸ್ಯ ಬಯಲು" ಎಂಬ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ: ಈ ಪುಣ್ಯಾತ್ಮರು 4ರ ಪಕ್ಕ ಹೆಚ್ಚುಕಡಿಮೆ ಯಾವಾಗಲೂ ಸೊನ್ನೆ ಏಕೆ ಎಂದು ಹೇಳಿದ್ದಾರಾ? ಸಾಮಾನ್ಯವಾಗಿ ಹೇಳಿರುವುದಿಲ್ಲ. ಹತ್ತು ಪದ ಓದಿ ತೋರಿಸಿರುತ್ತಾರೆ, ಹನ್ನೊಂದನೆಯದಕ್ಕೆ ಕಾಯುತ್ತಾ ಕೂರಬೇಕು.

ಕ-ಭಾಷೆಯ ಸಾಧ್ಯತೆ

ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳಿಯಬಾರದು ಎಂದು ನಾವು ಕ-ಭಾಷೆ ಆಡುತ್ತಿದ್ದೆವು. ಪ್ರತಿ ಅಕ್ಷರದ ಮುಂಚೆ ಒಂದು ಕ. "ನೀನು ಬಾ" ಎನ್ನಲು "ಕನೀಕನು ಕಬಾ". ಇದರ ಎಂಟ್ರೊಪಿ ಲೆಕ್ಕ ಹಾಕಿದರೆ ಸಾಕಷ್ಟು ಕೆಳಗಿಳಿಯುತ್ತದೆ. ಪದದ ಒಳಗೆ ಪ್ರತಿ ಎರಡನೇ ಹೆಜ್ಜೆಯೂ ಕ ಎಂದು ಕಣ್ಣು ಮುಚ್ಚಿ ಹೇಳಬಹುದು. ಭಾಷೆ ಮಾತ್ರ ಕನ್ನಡವೇ, ಒಳಗೆ ಅರ್ಥವೂ ಪೂರ್ತಿ ಇದೆ.

ವಾಯ್ನಿಚ್ ಇಂಥದ್ದೇನಾದರೂ ಇರಬಹುದೇ? ಒಂದು ಅಕ್ಷರಕ್ಕೆ ಎರಡು ಮೂರು ಗುರುತು ಬರೆಯುವ ಪದ್ಧತಿ? ನನಗೆ ಬಹಳ ಹಿಡಿಸಿದ ಊಹೆ ಇದು. ಆದರೆ ಇದಕ್ಕೂ ಬೆಲೆ ತೆರಬೇಕು. ಐದು ಗುರುತಿನ ಪದದಲ್ಲಿ ಎರಡೆರಡು ಗುರುತಿಗೆ ಒಂದು ಅಕ್ಷರ ಎಂದರೆ ಉಳಿಯುವುದು ಎರಡೋ ಮೂರೋ ಅಕ್ಷರ. ಯೂರೋಪಿನ ಯಾವ ಭಾಷೆಯಲ್ಲಿ ಎಲ್ಲಾ ಪದಗಳೂ ಅಷ್ಟು ಚಿಕ್ಕವು? ಹಾಗಾದರೆ ಪದಗಳ ನಡುವಿನ ಖಾಲಿ ಜಾಗ ನಿಜವಾದ ಖಾಲಿ ಜಾಗವಲ್ಲ ಎನ್ನಬೇಕಾಗುತ್ತದೆ. ಅದೇನು ಅಸಾಧ್ಯವಲ್ಲ. ನಮ್ಮ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಜಾಗ ಬಿಡದೆ ಬರೆಯಬಹುದಾದರೆ ಬೇಕೆಂದೇ ತಪ್ಪು ಕಡೆ ಜಾಗ ಬಿಡಲೂಬಹುದು.

2025ರಲ್ಲಿ ವಿಜ್ಞಾನ ಪತ್ರಕರ್ತ ಮೈಕಲ್ ಗ್ರೆಶ್ಕೊ ಈ ದಾರಿಯಲ್ಲೇ ಹೋಗಿ ಒಂದು ಗುಪ್ತಲಿಪಿ ಕಟ್ಟಿದರು. ಇಸ್ಪೀಟ್ ಎಲೆ ಮತ್ತು ದಾಳ, ಇಷ್ಟೇ ಸಾಮಾನು. ದಾಳ ಹಾಕಿ ಲ್ಯಾಟಿನ್ ಅಥವಾ ಇಟಾಲಿಯನ್ ಬರಹವನ್ನು ಒಂದೊಂದು, ಎರಡೆರಡು ಅಕ್ಷರದ ತುಂಡು ಮಾಡುವುದು. ಎಲೆ ಎಳೆದು ಆ ತುಂಡಿಗೆ ಯಾವ ಕೋಷ್ಟಕದಿಂದ ವಾಯ್ನಿಚ್ ತರಹದ ಪದ ಕೊಡಬೇಕು ಎಂದು ನೋಡುವುದು. ಬಂದ ಬರಹ ಹಲವು ಅಳತೆಗಳಲ್ಲಿ ವಾಯ್ನಿಚ್‌ಗೆ ಹತ್ತಿರ. ಹಸ್ತಪ್ರತಿ ಬರೆದದ್ದು ಹೀಗೇ ಎಂದು ಅವರು ಹೇಳಿಕೊಂಡಿಲ್ಲ, ಹೀಗೂ ಆಗಬಹುದು ಎಂದಷ್ಟೇ. ಆ ಸಂಯಮಕ್ಕೇ ನಾನು ಅರ್ಧ ಮಾರುಹೋದೆ.

ಕರಿಯರ್ ಕಂಡ ಎರಡು ಬಗೆ

ಈ ಪ್ರಕರಣದಲ್ಲಿ ನನ್ನ ಮೆಚ್ಚಿನ ಮನುಷ್ಯ ಕರಿಯರ್. 1976ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಒಂದು ಸಭೆಯಲ್ಲಿ ಅವರು ತಮ್ಮ ಎಣಿಕೆಗಳನ್ನು ಮುಂದಿಟ್ಟರು. ಅವರು ಮೊದಲು ನೋಡಿದ್ದು ಅಕ್ಷರಗಳನ್ನಲ್ಲ, ಕೈಬರಹವನ್ನು. ಗಿಡಗಳ ಪುಟಗಳಲ್ಲಿ ಕೆಲವು ಕಡೆ ಅಕ್ಷರ ಬಿಡಿಬಿಡಿಯಾಗಿ ದುಂಡಗಿವೆ, ಇನ್ನು ಕೆಲವು ಕಡೆ ಒತ್ತಾಗಿವೆ, ಇಕ್ಕಟ್ಟಾಗಿವೆ. ಬರೆದವರು ಇಬ್ಬರಿರಬೇಕು ಅನ್ನಿಸಿತು. ಪುಟಗಳನ್ನು ಎರಡು ಗುಂಪು ಮಾಡಿ ಅಕ್ಷರ ಎಣಿಸಿದರು. ಎಣಿಕೆಯೂ ಎರಡಾಗಿ ಸೀಳಿತು.

ಒಂದು ಗುಂಪಿಗೆ ಎ, ಇನ್ನೊಂದಕ್ಕೆ ಬಿ ಎಂದು ಹೆಸರಿಟ್ಟರು. ಬಿ ಪುಟಗಳಲ್ಲಿ 8ರ ಹಾಗಿರುವ ಅಕ್ಷರ ಮತ್ತು 9 ಸೇರಿ ಮುಗಿಯುವ ಪದಗಳು ಎಲ್ಲೆಲ್ಲೂ. ಚೆಡಿ, ಶೆಡಿ, ಕೊಕೀಡಿ ಎಲ್ಲಾ ಈ ಜಾತಿಯವೇ. ಎ ಪುಟಗಳಲ್ಲಿ ಆ ಬಾಲ ಬಹಳ ಕಮ್ಮಿ. ಚೋಲ್, ಚೋರ್ ಎಂಬ ಪದಗಳು ಎ ಪುಟಗಳಲ್ಲಿ ಮೆರೆಯುತ್ತವೆ, ಬಿಯಲ್ಲಿ ಸೊರಗುತ್ತವೆ. ಒಂದೇ ಹಾಳೆಯ ಹಿಂದು ಮುಂದು ಒಂದೇ ಬಗೆ. ಅರ್ಧ ಹಾಳೆ ಎ, ಅರ್ಧ ಬಿ ಎಂಬುದಿಲ್ಲ.

ಎ, ಬಿ ಎಂದರೆ ಎರಡು ಭಾಷೆಗಳೇ? ಕರಿಯರ್ "ಭಾಷೆ" ಎಂಬ ಪದ ಬಳಸಿದರೂ ಅದು ಎಣಿಕೆಯ ಗುಂಪಿನ ಹೆಸರಷ್ಟೇ ಎಂದು ಎಚ್ಚರಿಸಿದ್ದರು. ಯೋಚನೆ ಮಾಡಿ. ಮೈಸೂರಿನವರು "ಮಾಡ್ತಾ ಇದ್ದಾರೆ" ಎಂದು ಬರೆದ ಪುಟಗಳು, ಧಾರವಾಡದವರು "ಮಾಡಾಕತ್ತಾರ" ಎಂದು ಬರೆದ ಪುಟಗಳು ಒಂದೇ ಕಟ್ಟಿನಲ್ಲಿ ಸೇರಿವೆ ಎನ್ನಿ. ಕನ್ನಡ ಬಾರದವನು ಎಣಿಸಿದರೆ ಅವನಿಗೂ ಎ, ಬಿ ಎಂಬ ಎರಡು ಗುಂಪು ಸಿಗುತ್ತವೆ. ಒಂದು ಗುಂಪಿನಲ್ಲಿ "ಆಕತ್ತ" ಎಂಬ ಜೋಡಣೆ ಮತ್ತೆ ಮತ್ತೆ ಬರುತ್ತದೆ, ಇನ್ನೊಂದರಲ್ಲಿ ಹುಡುಕಿದರೂ ಸಿಗುವುದಿಲ್ಲ. ವಾಯ್ನಿಚ್‌ನ ಬಿರುಕು ಒಂದು ಬಾಲಕ್ಕಿಂತ ಆಳವಾದದ್ದು, ಆದರೆ ಬಗೆ ಹೀಗೇ.

ಕೈಬರಹದ ಕಡೆ ಈ ಕೆಲಸವನ್ನು ಮುಂದುವರಿಸಿದವರು ಹಳೆಯ ಲಿಪಿಗಳ ಪರಿಣತೆ ಲೀಸಾ ಫೇಗಿನ್ ಡೇವಿಸ್. 2020ರಲ್ಲಿ ಅವರು ಗುರುತಿಸಿದ್ದು ಇಬ್ಬರಲ್ಲ, ಐವರು ಬರಹಗಾರರನ್ನು. ನನ್ನ ಮಟ್ಟಿಗೆ ಇದು ದೊಡ್ಡ ಸಾಕ್ಷಿ. ಒಬ್ಬ ತಿಕ್ಕಲು ಮನುಷ್ಯ ರಾತ್ರಿ ಕೂತು ತನ್ನದೇ ಲಿಪಿಯಲ್ಲಿ ಏನೋ ಗೀಚಿದ ಎಂಬ ಕಥೆ ಐದು ಜನರಿಗೆ ಹೊಂದುವುದಿಲ್ಲ. ಐದು ಜನ ಒಂದೇ ಲಿಪಿಯನ್ನು ಸರಾಗವಾಗಿ, ಹೊಡೆದುಹಾಕದೆ ಬರೆಯಬೇಕಾದರೆ ಅವರ ನಡುವೆ ಒಂದು ಪದ್ಧತಿ ಇತ್ತು, ಯಾರೋ ಯಾರಿಗೋ ಕಲಿಸಿದ್ದರು.

ಸಾಲು ಎಂಬ ವಿಚಿತ್ರ

ಕರಿಯರ್ ಕಂಡ ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. ವಾಯ್ನಿಚ್‌ನಲ್ಲಿ ಸಾಲು ಎಂಬುದಕ್ಕೆ ತನ್ನದೇ ಜೀವ ಇದೆ. ಕೆಲವು ಅಕ್ಷರಗಳಿಗೆ ಸಾಲಿನ ಮೊದಲು ಇಷ್ಟ, ಕೆಲವಕ್ಕೆ ಸಾಲಿನ ಕೊನೆ. ಬಾಲ ಸುರುಳಿ ಸುತ್ತಿದ ಒಂದು ಅಕ್ಷರ ಇದೆ, ಇವಾದಲ್ಲಿ ಅದು ಮ್. ಅದು ಕಂಡರೆ ಸಾಲು ಮುಗಿಯಿತು ಎಂದು ಬಾಜಿ ಕಟ್ಟಬಹುದು, ಬಹಳ ಸಲ ಗೆಲ್ಲುತ್ತೀರಿ. ಪ್ಯಾರಾ ಶುರುವಾಗುವುದು ಹೆಚ್ಚಾಗಿ ಗಲ್ಲುಗಂಬದ ಅಕ್ಷರದಿಂದ. ಅವುಗಳಲ್ಲಿ ಎರಡಂತೂ ಪ್ಯಾರಾದ ಮೊದಲ ಸಾಲು ಬಿಟ್ಟು ಕೆಳಗಿಳಿಯುವುದೇ ಕಮ್ಮಿ. ಬಿ ಪುಟಗಳಲ್ಲಿ 9ರಿಂದ ಮುಗಿದ ಪದದ ಮುಂದೆ 4-ಸೊನ್ನೆಯಿಂದ ಶುರುವಾಗುವ ಪದ ಬರುವುದು ಹೆಚ್ಚು.

ಕೊನೆಯದು ಕನ್ನಡದವರಿಗೆ ಅಷ್ಟೇನೂ ವಿಚಿತ್ರ ಅಲ್ಲ. ನಮಗೆ ಸಂಧಿ ಗೊತ್ತು. ಹಳೆ ಪಕ್ಕ ಕನ್ನಡ ಬಂದರೆ ಹಳೆಗನ್ನಡ. ಒಂದು ಪದದ ಬಾಲ ಮುಂದಿನ ಪದದ ತಲೆಯನ್ನು ಬದಲಾಯಿಸುತ್ತದೆ. ಸಾಲಿನ ವಿಷಯಕ್ಕೂ ನಮ್ಮ ಹತ್ತಿರ ಒಂದು ಉತ್ತರ ಇದೆ ಅಲ್ವಾ? ಪ್ರಾಸ. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಿರಬೇಕು. ಕನ್ನಡ ಬಾರದವನು ಷಟ್ಪದಿಯ ಪುಟವನ್ನು ಎಣಿಸಿದರೆ ಸಾಲಿನ ಜಾಗಕ್ಕೂ ಅಕ್ಷರಕ್ಕೂ ಏನೋ ನಂಟಿದೆ ಎಂದು ಖಂಡಿತ ಕಂಡುಹಿಡಿಯುತ್ತಾನೆ. ಇದು ಹೊಳೆದಾಗ ನನಗೂ ಒಂದು ಕ್ಷಣ ಖುಷಿಯಾಯಿತು. ಇಡೀ ಪುಸ್ತಕ ಪದ್ಯ ಇರಬಾರದೇಕೆ?

ಆಮೇಲೆ ಗಿಡದ ಪುಟಗಳ ಸ್ಕ್ಯಾನ್ ತೆಗೆದು ನೋಡಿದೆ. ಖುಷಿ ಇಳಿಯಿತು. ಅಲ್ಲಿ ಮೊದಲು ಚಿತ್ರ ಬರೆದಿದ್ದಾರೆ, ಆಮೇಲೆ ಬರಹ. ಒಂದು ಎಲೆ ಅಡ್ಡ ಬಂದರೆ ಸಾಲು ಗಿಡ್ಡ, ಇಲ್ಲದಿದ್ದರೆ ಉದ್ದ. ಸಾಲು ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸುವುದು ಗಿಡದ ಎಲೆ, ಛಂದಸ್ಸಲ್ಲ. ಆದರೂ ಸಾಲಿನ ಕೊನೆಯ ಅಕ್ಷರ ಬಂದೇ ಬರುತ್ತದೆ. ಎಲೆಯ ಅಂಚು ನೋಡಿಕೊಂಡು ಪದ ಆರಿಸುವ ಭಾಷೆ ಯಾವುದು? ಕರಿಯರ್ ಇನ್ನೊಂದನ್ನೂ ಹೇಳಿದ್ದರು: ಪದೇ ಪದೇ ಬರುವ ಪದಗುಚ್ಛಗಳಲ್ಲಿ ಒಂದೂ ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ದಾಟಿದ್ದನ್ನು ಅವರು ಕಾಣಲಿಲ್ಲ. ಮಾತು ಆಡುವಾಗ ನಾವು ಸಾಲು ನೋಡುವುದಿಲ್ಲ. ಈ ಬರಹ ನೋಡುತ್ತದೆ. ಸಾಲಿನ ಶುರುವಿಗೆ, ಕೊನೆಗೆ ಅರ್ಥವಿಲ್ಲದ ಅಕ್ಷರ ಸೇರಿಸುವ ಪದ್ಧತಿ ಇರಬಹುದು, ಪ್ರತಿ ಸಾಲಿಗೂ ಕೀಲಿ ಹೊಸದಾಗಿ ಶುರುವಾಗುತ್ತಿರಬಹುದು. ಸಹಜ ಭಾಷೆಯನ್ನು ನೇರವಾಗಿ ಬರೆದದ್ದು ಎನ್ನುವವರಿಗೆ ನುಂಗಲು ಅತಿ ಕಷ್ಟವಾದ ತುತ್ತು ಇದೇ ಎಂದು ನನ್ನ ಎಣಿಕೆ.

ಸುಮ್ನೆ ಗೀಚಿದ್ದೇ?

ಹಾಗಾದರೆ ಅರ್ಥವೇ ಇಲ್ಲವೇ? ಒಂದು ಪುಟದಲ್ಲಿ ಕೊಕೀಡಿ ಕೊಕೀಡಿ ಕೊಕೆಡಿ ಕೊಕೆಡಿ ಕೊಕೀಡಿ ಎಂದು ಐದು ಪದ ಸಾಲಾಗಿ ನಿಂತಿವೆ. ನೋಡಿದವರಿಗೆ ಅನುಮಾನ ಬರುವುದು ಸಹಜ. 2004ರಲ್ಲಿ ಬ್ರಿಟನ್ನಿನ ಸಂಶೋಧಕ ಗಾರ್ಡನ್ ರಗ್ ಪದಗಳ ತಲೆ, ನಡು, ಬಾಲಗಳನ್ನು ಕೋಷ್ಟಕದಲ್ಲಿ ತುಂಬಿ, ತೂತು ಕೊರೆದ ರಟ್ಟನ್ನು ಅದರ ಮೇಲೆ ಸರಿಸುತ್ತಾ ಹೋದರೆ ಇಂಥ ಬರಹ ಸಲೀಸಾಗಿ ಹುಟ್ಟುತ್ತದೆ ಎಂದು ತೋರಿಸಿದರು. ಆದರೆ ಅಂಥ ರಟ್ಟು 1550ರ ಹೊತ್ತಿನದು, ಪುಸ್ತಕದ ಚರ್ಮ ಅದಕ್ಕಿಂತ ನೂರು ವರ್ಷ ಹಳೆಯದು. ಇನ್ನೊಬ್ಬ ಸಂಶೋಧಕ ಟಾರ್ಸ್ಟನ್ ಟಿಮ್ ಹೇಳುವುದು ಇನ್ನೂ ಸರಳ: ರಟ್ಟೂ ಬೇಡ, ಕೋಷ್ಟಕವೂ ಬೇಡ. ಬರೆಯುವವನು ಮೇಲಿನ ಸಾಲುಗಳ ಪದಗಳನ್ನು ನೋಡಿ ಒಂದಕ್ಷರ ಬದಲಾಯಿಸಿ ಮತ್ತೆ ಬರೆಯುತ್ತಾ ಹೋದ. ಹತ್ತಿರ ಹತ್ತಿರದ ಪದಗಳು ಅಣ್ಣತಮ್ಮಂದಿರ ಹಾಗಿರುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಎದುರು ಪಕ್ಷದಲ್ಲಿ 2013ರ ಒಂದು ಅಧ್ಯಯನ ಇದೆ. ಮಾರ್ಸೆಲೊ ಮಾಂಟೆಮುರೊ ಮತ್ತು ಡಾಮಿಯನ್ ಜಾನೆಟೆ ಮಾಡಿದ್ದು. ಗಿಡದ ಭಾಗದಲ್ಲಿ ಕೆಲವು ಪದಗಳು ಗುಂಪುಗೂಡುತ್ತವೆ, ಹೆಂಗಸರ ಭಾಗದಲ್ಲಿ ಬೇರೆ ಪದಗಳು. ಅಡುಗೆ ಪುಸ್ತಕದಲ್ಲಿ ಉಪ್ಪು, ಜ್ಯೋತಿಷ್ಯದ ಪುಸ್ತಕದಲ್ಲಿ ಗ್ರಹ ಎಂದು ಹೆಚ್ಚು ಬರುವ ಹಾಗೆ. ವಿಷಯ ಇದ್ದರೆ ತಾನೇ ಹೀಗಾಗುವುದು? ಟಿಮ್ ಇದಕ್ಕೂ ಉತ್ತರ ಕೊಡುತ್ತಾರೆ. ಮೇಲಿನದನ್ನು ನೋಡಿ ಬರೆಯುತ್ತಾ ಹೋದರೆ ಪದಗಳು ತಾವಾಗಿಯೇ ಗುಂಪುಗೂಡುತ್ತವೆ, ವಿಷಯ ಬೇಕಿಲ್ಲ ಎಂದು. ಇನ್ನು ಡೇನಿಯಲ್ ಗ್ಯಾಸ್ಕೆಲ್ ಮತ್ತು ಬೊವರ್ನ್ 2022ರಲ್ಲಿ ಮಾಡಿದ್ದು ಬಹಳ ಚಂದದ ಕೆಲಸ. ಜನರನ್ನು ಕೂರಿಸಿ, ಅರ್ಥವಿಲ್ಲದ್ದನ್ನು ಬರೆಯಿರಿ ಎಂದರು. ಮನುಷ್ಯ ಗೀಚಿದ್ದು ಗೊತ್ತುಗುರಿಯಿಲ್ಲದ ರಾಶಿ ಆಗುವುದಿಲ್ಲ ಎಂದು ಕಂಡಿತು. ಅದರಲ್ಲೂ ಪುನರಾವರ್ತನೆ, ಅದರಲ್ಲೂ ಕಟ್ಟು. ವಾಯ್ನಿಚ್‌ನಲ್ಲಿ ವಿಚಿತ್ರ ಎನ್ನಿಸುವ ಹಲವು ಗುಣಗಳು ಅಲ್ಲೂ ಕಾಣಿಸಿದವು.

ನಾನು ಯಾವ ಕಡೆ? ಐದು ಕೈಗಳು, ಹಾಳೆಗೆ ಹಾಳೆ ಬದಲಾಗುವ ಎ-ಬಿ, ದುಬಾರಿ ಚರ್ಮ. ಸುಮ್ನೆ ಗೀಚಿದ್ದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಸಾಲಿನ ಕೊನೆಯ ಆ ಸುರುಳಿ ಅಕ್ಷರವನ್ನು ನೋಡಿದಾಗಲೆಲ್ಲ ಮನಸ್ಸು ಅಳ್ಳಾಡುತ್ತದೆ. ಕ-ಭಾಷೆಯಂಥ ಯಾವುದೋ ಉಬ್ಬಿಸಿದ ಗುಪ್ತಲಿಪಿ, ಸಾಲಿಗೊಂದಿಷ್ಟು ಒಗ್ಗರಣೆ ಸೇರಿಸಿದ್ದು, ಎಂಬಲ್ಲಿಗೆ ಸದ್ಯಕ್ಕೆ ಬಂದು ನಿಂತಿದ್ದೇನೆ.

ಮೊದಲ ಪುಟದ ಅಂಚು

2024ರಲ್ಲಿ ಡೇವಿಸ್ ಹತ್ತು ಪುಟಗಳ ವಿಶೇಷ ಫೋಟೋಗಳನ್ನು ಎಲ್ಲರಿಗೂ ತೆರೆದಿಟ್ಟರು. ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ತೆಗೆದ ಆ ಫೋಟೋಗಳು 2014ರವು. ಕಣ್ಣಿಗೆ ಕಾಣದಷ್ಟು ಮಾಸಿದ ಶಾಯಿ ಅವುಗಳಲ್ಲಿ ಎದ್ದು ಕಾಣುತ್ತದೆ. ಮೊದಲ ಪುಟದ ಬಲ ಅಂಚಿನಲ್ಲಿ ಮೇಲಿಂದ ಕೆಳಗೆ ಮೂರು ಸಾಲು ಅಕ್ಷರಗಳಿವೆ. ಎರಡರಲ್ಲಿ ಲ್ಯಾಟಿನ್ ಅಕ್ಷರಮಾಲೆ, ನಡುವಿನದರಲ್ಲಿ ವಾಯ್ನಿಚ್ ಅಕ್ಷರಗಳು. ಇದಕ್ಕೆ ಅದು, ಅದಕ್ಕೆ ಇದು ಎಂದು ಯಾರೋ ಹೊಂದಿಸಿ ನೋಡಿದ್ದಾರೆ. ಕೈಬರಹವನ್ನು ಮಾರ್ಚಿಯ ಪತ್ರಗಳ ಪಕ್ಕ ಇಟ್ಟು ನೋಡಿದ ಡೇವಿಸ್, ಇದು ಅವನದೇ ಎಂದು ಗುರುತಿಸಿದರು.

ಪ್ರಾಗ್‌ನ ಆ ವೈದ್ಯ ಪುಸ್ತಕವನ್ನು ಕಿರ್ಷರ್‌ಗೆ ಕಳಿಸುವ ಮುಂಚೆ ಒಂದು ಕೈ ನೋಡಿದ್ದ. ಅಕ್ಷರಕ್ಕೆ ಅಕ್ಷರ. ಪಟ್ಟಿ ಬರೆದ, ಹೊಂದಿಸಿದ, ಪುಸ್ತಕ ಮುಚ್ಚಿದ.